ಬಾರ ಏಕೆ ಅಷ್ಟು ಅಪರೂಪ?

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ನನ್ನ ಮಗಳು ರಜೆಯಲ್ಲಿ ಅಜ್ಜಿಯ ಜೊತೆ ನಾಲ್ಕು ಕವಡೆ ಎಸೆದು ಚೌಕಾಬಾರ ಆಡುತ್ತಾಳೆ. "ಒಂದು, ಎರಡು, ಮೂರು, ಚೌಕ, ಬಾರ ಎಂದು ಇರುವುದೇ ಐದು ಗರ. ಹಾಗಾದರೆ ಐದು ಸಲಕ್ಕೆ ಒಮ್ಮೆ ಬಾರ ಬೀಳಬೇಕಲ್ಲವೇ?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಸೂತ್ರದ ಗೋಜಿಲ್ಲದೆ ಸಂಭವನೀಯತೆಯನ್ನು ಈ ವಯಸ್ಸಿನವರಿಗೆ ಹೇಳಿಕೊಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಇಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಮೊದಲು ಮಗಳ ಬೆನ್ನು ತಟ್ಟಿ. ಅವಳ ತರ್ಕದಲ್ಲಿ ತಪ್ಪಿದೆ, ಆದರೆ ದೊಡ್ಡವರೂ ಎಡವಿದ ಜಾಗವದು. ಫ್ರಾನ್ಸಿನ ಗಣಿತಜ್ಞ ದಲಾಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನವೊಂದರಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವ ಮೂರರಲ್ಲಿ ಎರಡು ಎಂದು ವಾದಿಸಿದ್ದರು. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಸಮವಲ್ಲದ ಸಂದರ್ಭಗಳನ್ನು ಸಮವೆಂದು ಎಣಿಸಿದ್ದೇ ಅವರ ತಪ್ಪು. ನಿಮ್ಮ ಮಗಳದ್ದೂ ಅದೇ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು. ಆರಂಭದ ವರ್ಷಗಳಲ್ಲಿ ಬೋರ್ಡಿನ ಮೇಲೆ ಮೊದಲು ಸೂತ್ರ ಬರೆಯುತ್ತಿದ್ದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ಪಡೆಯುತ್ತಿದ್ದರು. ಅವರಲ್ಲೇ ಒಬ್ಬ ಹುಡುಗ ಪರೀಕ್ಷೆಯ ಹಿಂದಿನ ದಿನ, "ಸಾರ್, ಪಾಸು ಇಲ್ಲವೇ ಫೇಲು, ಎರಡೇ ಅಲ್ಲವೇ? ನಾನು ಪಾಸಾಗುವ ಸಂಭವ ಅರ್ಧ" ಎಂದ. ಅಂದಿನಿಂದ ನಾನು ಸೂತ್ರವನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಊಹೆ, ಆಮೇಲೆ ಎಸೆತ, ಆಮೇಲೆ ಎಣಿಕೆ.

ನೀವು ಹೀಗೆ ಮಾಡಿ. ಒಂದು, ಎರಡು, ಐದು, ಹತ್ತು ರೂಪಾಯಿಯ ಒಂದೊಂದು ನಾಣ್ಯ ತೆಗೆದುಕೊಳ್ಳಿ. ನಾಲ್ಕೂ ಬೇರೆ ಬೇರೆ ಇರಬೇಕು, ಅದೇ ಮುಖ್ಯ. ಸಿಂಹಮುದ್ರೆ ಮೇಲೆ ಬಂದರೆ ಕವಡೆ ಅಂಗಾತ ಬಿದ್ದಂತೆ, ಇಲ್ಲದಿದ್ದರೆ ಬೋರಲು. ಎಷ್ಟು ಅಂಗಾತವೋ ಅಷ್ಟು ಗರ, ನಾಲ್ಕೂ ಬೋರಲಾದರೆ ಬಾರ. 80 ಸಲ ಎಸೆದರೆ ಎಷ್ಟು ಬಾರ ಬೀಳುತ್ತದೆ ಎಂದು ಮಗಳು ಎಸೆಯುವ ಮೊದಲೇ ಬರೆದಿಡಲಿ. ಅವಳ ಲೆಕ್ಕದಂತೆ 16 ಬೀಳಬೇಕು. ಆಮೇಲೆ ಎಸೆಯಲಿ, ಪ್ರತಿ ಗರಕ್ಕೂ ಒಂದು ಗೀಟು ಎಳೆಯಲಿ.

ಬಾರದ ಕೆಳಗೆ ಐದರ ಆಸುಪಾಸು ಗೀಟುಗಳಿರುತ್ತವೆ, ಎರಡರ ಕೆಳಗೆ ಮೂವತ್ತರ ಆಸುಪಾಸು. ಏಕೆ ಎಂದು ಆಗ ಅವಳೇ ಕೇಳುತ್ತಾಳೆ. ಆ ಹೊತ್ತಿಗಾಗಿ ಕಾಯಬೇಕು, ತಾವಾಗಿ ಹೇಳಿಬಿಡಬಾರದು. ಕೇಳಿದ ಮೇಲೆ, ಯಾವ ನಾಣ್ಯಗಳು ಅಂಗಾತ ಬಿದ್ದರೆ ಎರಡು ಎಂಬ ಗರವಾಗುತ್ತದೆ ಎಂದು ಬರೆಯಲು ಹೇಳಿ. ಒಂದು-ಎರಡು, ಒಂದು-ಐದು, ಒಂದು-ಹತ್ತು, ಎರಡು-ಐದು, ಎರಡು-ಹತ್ತು, ಐದು-ಹತ್ತು: ಆರು ದಾರಿ. ಒಂದಕ್ಕೆ ನಾಲ್ಕು ದಾರಿ, ಮೂರಕ್ಕೂ ನಾಲ್ಕು. ಚೌಕಕ್ಕೆ ನಾಲ್ಕೂ ಅಂಗಾತ ಬೀಳಬೇಕು, ಬಾರಕ್ಕೆ ನಾಲ್ಕೂ ಬೋರಲು. ಎರಡಕ್ಕೂ ಒಂದೊಂದೇ ದಾರಿ. ಒಟ್ಟು 16. ಗರಗಳು ಐದೇ ಆದರೂ ದಾರಿಗಳು ಹದಿನಾರು. ಸಂಭವನೀಯತೆಯ ಹತ್ತನೆಯ ತರಗತಿಯ ಪಾಠ ಬರುವ ಹೊತ್ತಿಗೆ ಅವಳಿಗೆ ಇದು ಕೈಯಾರೆ ಎಣಿಸಿದ ಸಂಗತಿಯಾಗಿರುತ್ತದೆ.

ಬಾರ ಐದರ ಬದಲು ಎಂಟು ಬಿದ್ದರೆ ಗಾಬರಿಯಾಗಬೇಡಿ, ದಯವಿಟ್ಟು ಗೀಟುಗಳನ್ನು ತಿದ್ದಬೇಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧಿಯಾಗಿದ್ದ ಜಾನ್ ಕೆರಿಚ್ ಎಂಬ ಗಣಿತಜ್ಞ ನಾಣ್ಯವನ್ನು 10,000 ಸಲ ಚಿಮ್ಮಿ ಲೆಕ್ಕ ಇಟ್ಟರು. ಹೆಡ್ ಬಿದ್ದದ್ದು 5,067 ಸಲ. ಅಷ್ಟು ಎಸೆದರೂ ಸರಿಯಾಗಿ ಅರ್ಧ ಬರಲಿಲ್ಲ, ಆದರೆ ಎಷ್ಟು ಹತ್ತಿರ ಬಂದಿತು ನೋಡಿ.

"ಇಷ್ಟು ಹೊತ್ತು ಬಿದ್ದಿಲ್ಲ, ಈ ಸಲ ಬಾರ ಬಿದ್ದೇ ಬೀಳುತ್ತದೆ" ಎಂಬ ಮಾತೂ ಆಟದಲ್ಲಿ ಬರುತ್ತದೆ. ಅದಕ್ಕೂ ಮದ್ದು ಎಣಿಕೆಯೇ. ನಾಲ್ಕು ನಾಣ್ಯಗಳನ್ನು 16 ಸಲ ಎಸೆದರೂ ಬಾರ ಒಮ್ಮೆಯೂ ಬೀಳದಿರುವ ಸಂಭವ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಇದೆ. ಹದಿನೇಳನೆಯ ಎಸೆತದಲ್ಲಿ ಬಾರದ ಪಾಲು ಮತ್ತೆ ಅದೇ ಹದಿನಾರರಲ್ಲಿ ಒಂದು.

ಕೊನೆಯಲ್ಲಿ ಅಜ್ಜಿಯ ಕವಡೆಗಳನ್ನೇ 80 ಸಲ ಎಸೆಯಲಿ. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅಂಗಾತ ಮತ್ತು ಬೋರಲು ಬೀಳುವುದು ಸಮಸಮವಾಗಿರಬೇಕೆಂದಿಲ್ಲ. ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜಗಳಿದ್ದರೆ ಅವುಗಳದ್ದು ಇನ್ನೊಂದು ಲೆಕ್ಕ. ಇಲ್ಲಿ ಹದಿನಾರರ ಎಣಿಕೆ ಸಾಲದು, ಎಸೆದೇ ತಿಳಿಯಬೇಕು. ಆ ಪಟ್ಟಿಯನ್ನು ನನಗೆ ಕಳುಹಿಸಿ, ಆಸೆಯಿಂದ ಕಾಯುತ್ತೇನೆ.

ಪ್ರಶ್ನೆ: ಮಳೆಯ ಸಂಭವ ಶೇ 70 ಎಂದು ಮೊಬೈಲ್ ತೋರಿಸಿತು, ಒಂದು ಹನಿಯೂ ಬೀಳಲಿಲ್ಲ. ಅದು ಸುಳ್ಳೆಂದು ಮಗ ವಾದಿಸುತ್ತಾನೆ.
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ಒಂದೇ ದಿನ ನೋಡಿ ತೀರ್ಪು ಕೊಡಲಾಗದು. ಗೋಡೆಯ ಕ್ಯಾಲೆಂಡರಿನಲ್ಲಿ ಶೇ 70 ಎಂದ ದಿನಗಳನ್ನೆಲ್ಲ ಮಗ ಗುರುತಿಸಲಿ, ಮಳೆ ಬಂದರೆ ಅದಕ್ಕೊಂದು ಸುತ್ತು ಹಾಕಲಿ. ಮಳೆಗಾಲ ಮುಗಿಯುವಾಗ ಹತ್ತರಲ್ಲಿ ಸುಮಾರು ಏಳು ದಿನಕ್ಕೆ ಸುತ್ತು ಬಿದ್ದಿದ್ದರೆ ಮುನ್ಸೂಚನೆ ನಂಬುವಂತಹದು. ಅಂತಹ ಐವತ್ತು ದಿನಗಳಲ್ಲಿ ಐವತ್ತಕ್ಕೂ ಸುತ್ತು ಬಿದ್ದಿದ್ದರೆ, ಆಗಲೂ ಆ 70 ತಪ್ಪೇ.