ಸೀ ಆಫ್ ಜಪಾನ್‌ಗೆ ಅಂಕ, ಈಸ್ಟ್ ಸೀಗೆ ಸೊನ್ನೆ?

ವಿರಾಜಪೇಟೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಅವರ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೇ ತರಗತಿ. ಕೊರಿಯನ್ ಸೀರಿಯಲ್ ಅಂದರೆ ಪ್ರಾಣ. ಭೂಪಟದ ಪರೀಕ್ಷೆಯಲ್ಲಿ ಕೊರಿಯಾ ಮತ್ತು ಜಪಾನ್ ನಡುವಿನ ನೀರಿಗೆ 'ಈಸ್ಟ್ ಸೀ' ಎಂದು ಬರೆದಳು. ಟೀಚರ್ ಕೆಂಪು ಇಂಕಿನಲ್ಲಿ ಹೊಡೆದು ಹಾಕಿ 'ಸೀ ಆಫ್ ಜಪಾನ್' ಎಂದು ತಿದ್ದಿದರು. ಅಂಕ ಸೊನ್ನೆ. ಯಾವುದು ಸರಿ, ಒಂದೇ ಹೆಸರು ಹೇಳಿ ಎನ್ನುವುದು ಓದುಗರ ಪ್ರಶ್ನೆ. ಜೊತೆಗೆ ಒಂದು ಒತ್ತಾಯವೂ ಇದೆ. ಶಾಲಾ ಪುಸ್ತಕಗಳಲ್ಲಿ ಉಳಿದಿರುವ ಪರಕೀಯರ ಹೆಸರುಗಳನ್ನೆಲ್ಲ ಕಿತ್ತು ಹಾಕಬೇಕು, 'ಕೂರ್ಗ್' ಎನ್ನುವುದನ್ನು ಮೊದಲು.

ಒಂದೇ ಹೆಸರು ಹೇಳುವುದು ನನ್ನಿಂದಾಗದು. ಎರಡು ದೇಶಗಳು ಮೂವತ್ತು ವರ್ಷಕ್ಕಿಂತ ಜಾಸ್ತಿ ಜಗ್ಗಾಡಿಯೂ ತೀರ್ಮಾನವಾಗದ ವಿಷಯ ಇದು.

ಜಪಾನಿನ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಚೀನಾದಲ್ಲಿದ್ದ ಇಟಲಿಯ ಪಾದ್ರಿ ಮತ್ತೇಯೊ ರಿಚ್ಚಿ 1602ರಲ್ಲಿ ಮಾಡಿದ ಭೂಪಟದಲ್ಲೇ ಜಪಾನ್ ಸಮುದ್ರ ಎಂದಿದೆ. ಆಗ ಕೊರಿಯಾ ಜಪಾನಿನ ಕೈಯಲ್ಲಿರಲಿಲ್ಲ. ಹಾಗಾಗಿ ಇದು ದಬ್ಬಾಳಿಕೆಯಿಂದ ಅಂಟಿಸಿದ ಹೆಸರಲ್ಲ ಎನ್ನುತ್ತಾರೆ ಅವರು. ಕೊರಿಯಾದವರಿಗೆ ಮಾತ್ರ ಅದು ಹಿಂದಿನಿಂದಲೂ ಪೂರ್ವ ಸಮುದ್ರ. ದಕ್ಷಿಣ ಕೊರಿಯಾದ ರಾಷ್ಟ್ರಗೀತೆ ಶುರುವಾಗುವುದೇ ಆ ಹೆಸರಿನಿಂದ.

ಅವರ ಸಿಟ್ಟು ಇರುವುದು ಹೆಸರು ಖಾಯಂ ಆದ ಬಗೆಯ ಮೇಲೆ. ಕಡಲುಗಳ ಹೆಸರು ಮತ್ತು ಎಲ್ಲೆಯ ಅಂತರರಾಷ್ಟ್ರೀಯ ಪುಸ್ತಕ ಮೊದಲು ಬಂದದ್ದು 1928ರಲ್ಲಿ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಬಾಯಿ ತೆರೆಯಲು ಅವರಿಗೆ ಅಲ್ಲಿ ಜಾಗವೇ ಇರಲಿಲ್ಲ. ಮೂರನೇ ಆವೃತ್ತಿ ಬಂದದ್ದು 1953ರಲ್ಲಿ. ಕೊರಿಯಾ ಯುದ್ಧದಲ್ಲಿ ಬೂದಿಯಾಗಿದ್ದ ವರ್ಷ ಅದು. ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಜನರಲ್ ತಿಮ್ಮಯ್ಯನವರು ಯುದ್ಧಕೈದಿಗಳ ವಿಚಾರ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಅಲ್ಲಿಗೆ ಹೋದದ್ದೂ ಆ ವರ್ಷವೇ. ಊರಿಗೆ ವಾಪಸ್ ಹೋಗಲ್ಲ ಎಂದು ಹಠ ಹಿಡಿದ ಸಾವಿರಾರು ಕೈದಿಗಳ ನಡುವೆ ಅವರು ಕೂತಿದ್ದಾಗ, ಸಮುದ್ರದ ಹೆಸರಿಗಾಗಿ ಪೆಟಿಷನ್ ಬರೆಯುವ ಸ್ಥಿತಿಯಲ್ಲಿ ಕೊರಿಯಾದವರು ಯಾರಿದ್ದರು?

ಎರಡೂ ಕೊರಿಯಾಗಳು ವಿಶ್ವಸಂಸ್ಥೆ ಸೇರಿದ್ದು 1991ರಲ್ಲಿ. ಮರುವರ್ಷವೇ ಈ ತಕರಾರು ಎತ್ತಿದರು. ಕೊನೆಗೆ 2020ರಲ್ಲಿ ಅಂತರರಾಷ್ಟ್ರೀಯ ಹೈಡ್ರೋಗ್ರಾಫಿಕ್ ಸಂಸ್ಥೆ ಹೊಸ ಡಿಜಿಟಲ್ ದಾಖಲೆಯಲ್ಲಿ ಕಡಲುಗಳಿಗೆ ಹೆಸರೇ ಬೇಡ, ನಂಬರ್ ಕೊಡೋಣ ಎಂದಿತು. ಹಳೆಯ ಪುಸ್ತಕ ಹಾಗೇ ಉಳಿಯಿತು. ಇಬ್ಬರೂ ನಾವೇ ಗೆದ್ದೆವು ಎಂದರು! ಮಕ್ಕಳಿಗೆ ನಂಬರ್ ಕಲಿಸಲಾಗುತ್ತದೆಯೇ?

ಶಾಲಾ ಪುಸ್ತಕದ ಮಟ್ಟಿಗೆ ಅಮೆರಿಕದ ವರ್ಜೀನಿಯಾ ರಾಜ್ಯ ಮಾಡಿದ್ದು ನನಗೆ ಸರಿ ಕಾಣುತ್ತದೆ. ಹೊಸ ಪಠ್ಯಪುಸ್ತಕಗಳಲ್ಲಿ ಜಪಾನ್ ಸಮುದ್ರ ಎಂದು ಬಂದ ಕಡೆ, ಅದನ್ನು ಪೂರ್ವ ಸಮುದ್ರ ಎಂದೂ ಕರೆಯುತ್ತಾರೆ ಎಂದು ಹೇಳಲೇಬೇಕು ಅಂತ 2014ರಲ್ಲಿ ಅಲ್ಲಿ ಕಾನೂನು ಬಂತು. ಅಲ್ಲಿ ನೆಲೆಸಿದ ಕೊರಿಯಾ ಮೂಲದವರು ಪಟ್ಟು ಹಿಡಿದಿದ್ದರು. ಜಪಾನಿನ ರಾಯಭಾರಿ ವಿರೋಧಿಸಿದ್ದರು. ಇದ್ದ ಹೆಸರು ಅಳಿಸಲಿಲ್ಲ, ಪಕ್ಕದಲ್ಲಿ ಇನ್ನೊಂದು ಸೇರಿತು, ಅಷ್ಟೇ. ಎರಡು ತೋಟಗಳ ನಡುವೆ ಹರಿಯುವ ತೋಡಿಗೆ ಆಚೆಯವರು ಒಂದು ಹೆಸರು, ಈಚೆಯವರು ಒಂದು ಹೆಸರು ಹೇಳುವುದನ್ನು ನಾವು ನೋಡಿಲ್ಲವೇ?

ಆದರೆ 'ಪೂರ್ವ ಸಮುದ್ರ' ಒಂದನ್ನೇ ಅಚ್ಚು ಹಾಕಿ ಎಂದರೆ ನಾನು ಒಪ್ಪುವುದಿಲ್ಲ. ಜಪಾನಿಗೆ ಅದು ಪಶ್ಚಿಮ ದಿಕ್ಕಿನಲ್ಲಿದೆ. ವಿಯೆಟ್ನಾಮಿನವರು ದಕ್ಷಿಣ ಚೀನಾ ಸಮುದ್ರವನ್ನು ಪೂರ್ವ ಸಮುದ್ರ ಎನ್ನುತ್ತಾರೆ. ಚೀನೀಯರಿಗೆ ಪೂರ್ವ ಸಮುದ್ರ ಮತ್ತೊಂದು. ಮಗು ಯಾವುದನ್ನು ಹುಡುಕಬೇಕು?

ಕೊಲ್ಲಿಯ ಕಥೆಯೂ ಹೀಗೇ. ಇರಾನ್‌ಗೆ ಅದು ಪರ್ಷಿಯಾ ಕೊಲ್ಲಿ, ಎದುರು ದಡದ ಅರಬ್ ದೇಶಗಳಿಗೆ ಅರೇಬಿಯನ್ ಕೊಲ್ಲಿ. ವಿಶ್ವಸಂಸ್ಥೆ ಬಳಸುವುದು ಪರ್ಷಿಯಾ ಕೊಲ್ಲಿ. ದುಬೈಯಲ್ಲಿ ಓದಿ ಊರಿಗೆ ಬಂದ ಮಗು ಇನ್ನೊಂದು ಹೆಸರು ಹೇಳಿದರೆ ಗದರಬೇಡಿ. ಇನ್ನು 2025ರ ಜನವರಿಯಲ್ಲಿ ಮೆಕ್ಸಿಕೊ ಕೊಲ್ಲಿಯನ್ನು 'ಅಮೆರಿಕ ಕೊಲ್ಲಿ' ಎನ್ನಬೇಕು ಎಂಬ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು ಎಂದು ನಮ್ಮ ಪುಸ್ತಕದಲ್ಲಿ ತಿದ್ದಬೇಕಾಗಿಲ್ಲ. ದಡದ ಜನ ತಲೆತಲಾಂತರದಿಂದ ಹೇಳುತ್ತಿರುವ ಹೆಸರು ಬೇರೆ, ಒಂದು ಬೆಳಗ್ಗೆ ಹೊರಟ ಆದೇಶ ಬೇರೆ.

ಆದೇಶದ ಹೆಸರುಗಳ ಗತಿ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕು. ಟಿಪ್ಪು ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರಿಟ್ಟ. ಇವತ್ತು ಯಾರ ಬಾಯಲ್ಲಿದೆ? 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿದ ಮೇಲೆ ಇಲ್ಲಿ ಅಧಿಕಾರ ನಡೆಸಿದ ಕರ್ನಲ್ ಫ್ರೇಸರ್ ಹೆಸರಲ್ಲಿ ಕುಶಾಲನಗರ ಫ್ರೇಸರ್‌ಪೇಟೆ ಆಯಿತು. ಅದು ಹಳೇ ಕಾಗದಗಳಲ್ಲಿ ಗಟ್ಟಿಯಾಗಿ ಕೂತಿತು. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದು ಮಾತ್ರ ಕುಶಾಲನಗರ.

ಈಗ 'ಕೂರ್ಗ್' ವಿಷಯ. ಭೂಗೋಳದ ಪಾಠದಲ್ಲಿ ಇವತ್ತಿನ ಜಿಲ್ಲೆಗೆ ಇಂಗ್ಲಿಷಿನಲ್ಲೂ ಕೊಡಗು ಎಂದೇ ಇರಲಿ, ಅದರಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಇತಿಹಾಸದ ಪಾಠದಿಂದ ಕೀಳಬೇಡಿ. ಮೈಸೂರಿಗೆ ಸೇರಿದ 1956ರ ನವೆಂಬರ್ 1ರವರೆಗೆ ನಾವು ಬೇರೆ ರಾಜ್ಯ. ಸಿ.ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿ. ಸಂವಿಧಾನದ ಇಂಗ್ಲಿಷ್ ಪಟ್ಟಿಯಲ್ಲಿ ಆ ರಾಜ್ಯದ ಹೆಸರು ಕೂರ್ಗ್. ಅದನ್ನು ತಿದ್ದಿ ಬರೆದರೆ ದಾಖಲೆಯನ್ನೇ ತಿದ್ದಿದಂತೆ. ಕೋವಿಗೆ ಲೈಸೆನ್ಸ್ ಬೇಡ ಎಂದು ನಮಗೆ ವಿನಾಯಿತಿ ಕೊಟ್ಟ ಕೇಂದ್ರ ಅಧಿಸೂಚನೆಯನ್ನೇ ತೆಗೆದು ನೋಡಿ. 'ಕೂರ್ಗ್ ಜನಾಂಗ'ದವರಿಗೆ ಮತ್ತು ಕೂರ್ಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ ಎಂದಿದೆ. ಜಮ್ಮಾ ಬಾಣೆಯ, ಅಂದರೆ ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಾಗದ, ತಕರಾರಿಗೆ ಕೋರ್ಟಿಗೆ ಹೋದರೆ ವಕೀಲರು ಬಿಚ್ಚುವುದು 1899ರ ಕೂರ್ಗ್ ಭೂಕಂದಾಯ ಕಾನೂನನ್ನು. ಆ ಹೆಸರೇ ಕೇಳದೆ ಬೆಳೆದ ಹುಡುಗಿ ನಾಳೆ ಅಜ್ಜನ ಪೆಟ್ಟಿಗೆಯಲ್ಲಿರುವ ಕಾಗದವನ್ನು ಹೇಗೆ ಓದುತ್ತಾಳೆ?

ಇನ್ನು ಮಗಳ ಅಂಕ. ಶಾಲೆಗೆ ಹೋಗಿ ಜಗಳ ಬೇಡ. ಟೀಚರ್ ಕೈಯಲ್ಲಿ ಇರುವುದು ಒಂದೇ ಹೆಸರಿನ ಪುಸ್ತಕ, ತಪ್ಪು ಪೂರ್ತಿ ಅವರದಲ್ಲ. ಆದರೆ ತರಗತಿಯ ಟೆಸ್ಟಿನಲ್ಲಿ ಜಾಗ ಸರಿಯಾಗಿ ತೋರಿಸಿದ್ದಕ್ಕೆ ಅಂಕ ಕೊಡಬೇಕಿತ್ತು, ಅಲ್ವಾ? ಅದನ್ನು ಸಮಾಧಾನವಾಗಿ ಕೇಳಿ. ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಹೆಸರನ್ನೇ ಮೊದಲು ಬರೆದು, ಇನ್ನೊಂದನ್ನು ಆವರಣದಲ್ಲಿ ಹಾಕಲು ಹೇಳಿ. ಬೇರೆ ಜಿಲ್ಲೆಯಲ್ಲಿ ಕೂತ ಮೌಲ್ಯಮಾಪಕರಿಗೆ ಕೊರಿಯನ್ ಸೀರಿಯಲ್ ನೋಡುವ ಪುರುಸೊತ್ತು ಇರುವುದಿಲ್ಲ.

— ಸಂಪಾದಕ