ಓದುಗರ ಪ್ರಶ್ನೆ: ಪವರ್ ಫ್ಯಾಕ್ಟರ್ ಮಿತಿ ಹಾಕಿದರೆ ಖರ್ಚು ಏರುವುದೇಕೆ?

ಪ್ರಶ್ನೆ: ವಿದ್ಯುತ್ ಜಾಲದ ಲೆಕ್ಕ ಮಾಡುವ ಮ್ಯಾಟ್‌ಪವರ್ ತಂತ್ರಾಂಶದಲ್ಲಿ ಎಸಿ ಆಪ್ಟಿಮಲ್ ಪವರ್ ಫ್ಲೋ (ಓಪಿಎಫ್, ಅಂದರೆ ಜಾಲದ ಮಿತಿಗಳೊಳಗೆ ಅತಿ ಕಡಿಮೆ ಖರ್ಚಿನ ಉತ್ಪಾದನೆ ಹುಡುಕುವ ಲೆಕ್ಕ) ಓಡಿಸುತ್ತಿದ್ದೇನೆ. 100 ಮೆಗಾವಾಟ್‌ನ ಒಂದು ದುಬಾರಿ ಜನರೇಟರ್‌ಗೆ 0.95 ಪವರ್ ಫ್ಯಾಕ್ಟರ್ ಮಿತಿ ಹಾಕಿದ ಮೇಲೆ ಒಟ್ಟು ಖರ್ಚು ಏರಿತು. ಅದೇ ಜನರೇಟರ್ ಮೊದಲಿಗಿಂತ ಹೆಚ್ಚು ಮೆಗಾವಾಟ್ ಕೊಡುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿಲ್ಲ. ಮೊದಲು ಪಿ (ಕೆಲಸ ಮಾಡುವ ವಿದ್ಯುತ್, ಮೆಗಾವಾಟ್‌ನಲ್ಲಿ) ಮತ್ತು ಕ್ಯೂಗೆ (ವೋಲ್ಟೇಜ್ ಎತ್ತಿ ಹಿಡಿಯುವ ರಿಯಾಕ್ಟಿವ್ ಪವರ್, ಎಂವಿಎಆರ್‌ನಲ್ಲಿ) ಬೇರೆಬೇರೆ ಮಿತಿಗಳಿದ್ದವು. ಈಗ ಎರಡಕ್ಕೂ ಗಂಟು ಬಿದ್ದಿದೆ. ಪವರ್ ಫ್ಯಾಕ್ಟರ್ ಎಂದರೆ ಎರಡೂ ಸೇರಿದ ಒಟ್ಟು ಎಂವಿಎಯಲ್ಲಿ ಪಿಯ ಪಾಲು, ಅಂದರೆ ಒಂದು ಕೋನದ ಕೊಸೈನ್. ಅದು 0.95 ಇದ್ದಾಗ ಆ ಕೋನದ ಟ್ಯಾನ್, ಅಂದರೆ ಕ್ಯೂ/ಪಿ, 0.3287. ಅಂದರೆ 100 ಮೆಗಾವಾಟ್ ಕೊಡುವಾಗ ಸಿಗುವ ಕ್ಯೂ ಸುಮಾರು 33 ಎಂವಿಎಆರ್, 50ರಲ್ಲಿ ಬರೀ 16.4. ಆ ಬಸ್‌ನ (ಜನರೇಟರ್ ಜಾಲಕ್ಕೆ ಸೇರುವ ಬಿಂದುವಿನ) ವೋಲ್ಟೇಜ್ ಎತ್ತಿ ಹಿಡಿಯಲು 20 ಎಂವಿಎಆರ್ ಬೇಕಿದ್ದು, ಅದನ್ನು ಕೊಡಲು ಹತ್ತಿರದಲ್ಲಿ ಬೇರೆ ಯಾವುದೂ ಇಲ್ಲದಿದ್ದರೆ, ಅಗ್ಗದ ಕರೆಂಟು ಬೇರೆ ಕಡೆ ಇದ್ದರೂ ಈ ಜನರೇಟರ್ 61 ಮೆಗಾವಾಟ್ ಓಡಲೇಬೇಕು. ಏರಿದ ಖರ್ಚು ಅದರದ್ದೇ.

ಬೆಲೆಗಳನ್ನು ನೋಡಿದರೆ ಇದು ಖಚಿತವಾಗುತ್ತದೆ. ಲ್ಯಾಗಿಂಗ್ ಮಿತಿ (ಕ್ಯೂ ಕೊಡುವ ಬದಿಯದು) ತಗುಲಿದಾಗ ಜನರೇಟರ್‌ನ ಅಂಚು ವೆಚ್ಚವು (ಇನ್ನೊಂದು ಯೂನಿಟ್ ಕೊಡಲು ತಗಲುವ ಖರ್ಚು) ಬಸ್‌ನ ಪಿ ಬೆಲೆಗೆ (ಅಲ್ಲಿ ಇನ್ನೊಂದು ಯೂನಿಟ್ ಪಿ ಬೇಕಾದರೆ ಏರುವ ಒಟ್ಟು ಖರ್ಚಿಗೆ) ಸಮ ಆಗುವುದಿಲ್ಲ. ಪಿ ಬೆಲೆಗೆ 0.3287 ಪಟ್ಟು ಕ್ಯೂ ಬೆಲೆ ಸೇರಿಸಿದ್ದಕ್ಕೆ ಸಮ. ಪಿ ಬೆಲೆ 3 ರೂಪಾಯಿ, ಕ್ಯೂ ಬೆಲೆ 60 ಪೈಸೆ ಎಂದಿಟ್ಟುಕೊಂಡರೆ ಸುಮಾರು 3.20 ರೂಪಾಯಿಯ ಜನರೇಟರ್ ಕೂಡ ಓಡುತ್ತದೆ. ನಿಮ್ಮ ಫಲಿತಾಂಶದಲ್ಲಿ ಈ ಲೆಕ್ಕ ಕೂಡಿಬರುತ್ತದೆಯೇ ಎಂದು ಪರೀಕ್ಷಿಸಿ. ಕೂಡದಿದ್ದರೆ ಬೇರೆ ಮಿತಿಯೂ ತಗುಲಿರಬಹುದು.

ಮಿತಿಯನ್ನು ಬರೆಯುವ ರೀತಿಯೂ ಮುಖ್ಯ. ಪಿಯನ್ನು ಎಂವಿಎಯಿಂದ ಭಾಗಿಸಿ 0.95ಕ್ಕಿಂತ ಹೆಚ್ಚಿರಲಿ ಎಂದು ಬರೆದರೆ ಸೊನ್ನೆಯ ಬಳಿ ಸಾಲ್ವರ್ ಮುಗ್ಗರಿಸುತ್ತದೆ. ಕ್ಯೂ − 0.3287 ಪಿ ≤ 0, ಕ್ಯೂ + 0.3287 ಪಿ ≥ 0 ಎಂದು ಎರಡು ಸರಳರೇಖೆಗಳಾಗಿ ಸೇರಿಸಿ. ಜನರೇಟರ್ ಪಟ್ಟಿಯ ಪಿ-ಕ್ಯೂ ಸಾಮರ್ಥ್ಯದ ಕಾಲಂಗಳಲ್ಲಿ ಇದನ್ನು ತುಂಬಲು ಹೋಗಬೇಡಿ. ಅವು ಪಿ ಏರಿದಂತೆ ಕ್ಯೂ ಕಿರಿದಾಗುವ ರೇಖೆಗೆಂದು ಇರುವಂಥವು. ನಿಮ್ಮದು ಪಿ ಏರಿದಂತೆ ಅಗಲವಾಗುತ್ತದೆ, ಆದ್ದರಿಂದ ಎರರ್ ಬರುತ್ತದೆ. ಡಿಸಿ ಓಪಿಎಫ್ ಎಂಬ ಸರಳಗೊಳಿಸಿದ ಲೆಕ್ಕದಲ್ಲಿ ಕ್ಯೂ ಇಲ್ಲವೇ ಇಲ್ಲ, ಅಲ್ಲಿ ಈ ಮಿತಿಗೆ ಅರ್ಥವಿಲ್ಲ.

ಪ್ರಶ್ನೆ: ಸೋಲಾರ್ ಸ್ಥಾವರಕ್ಕೆ ಪವರ್ ಫ್ಯಾಕ್ಟರ್ 0.95 ಲ್ಯಾಗಿಂಗ್ ಎಂದು ನಿಗದಿ ಮಾಡಿದೆ. ಬೆಳಗಿನ ಹಗುರ ಲೋಡ್‌ಗೆ ಓಪಿಎಫ್ ಉತ್ತರವೇ ಕೊಡುತ್ತಿಲ್ಲ.

ಉತ್ತರ: ಹಗುರ ಲೋಡ್‌ನಲ್ಲಿ ಉದ್ದದ ಲೈನುಗಳೇ ಕ್ಯೂ ಹುಟ್ಟಿಸಿ ವೋಲ್ಟೇಜ್ ಏರಿಸುತ್ತವೆ. ಆಗ ಸ್ಥಾವರ ಕ್ಯೂ ಹೀರಿಕೊಳ್ಳಬೇಕು. ನಿಮ್ಮ ಸಮೀಕರಣವೋ (ಕ್ಯೂ = 0.3287 ಪಿ) ಇನ್ನಷ್ಟು ತುಂಬಿಸು ಎನ್ನುತ್ತಿದೆ. ಮಿತಿ ತೆಗೆದು ಒಮ್ಮೆ ಓಡಿಸಿ. ಆ ಬಸ್ ವೋಲ್ಟೇಜ್ ಮೇಲ್ಮಿತಿಗೆ ಅಂಟಿಕೊಂಡು, ಸ್ಥಾವರದ ಕ್ಯೂ ಮೈನಸ್ ಬಂದರೆ ಕಾರಣ ಅದೇ.

ನಿಗದಿ ಮಾಡುವ ಅಗತ್ಯವೂ ಇಲ್ಲ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಗ್ರಿಡ್ ಸಂಪರ್ಕ ನಿಯಮ ಕೇಳುವುದು 0.95 ಲ್ಯಾಗಿಂಗ್‌ನಿಂದ 0.95 ಲೀಡಿಂಗ್‌ವರೆಗಿನ (ಕ್ಯೂ ಹೀರುವ ಬದಿವರೆಗಿನ) ಸಾಮರ್ಥ್ಯವನ್ನು, ಒಂದೇ ಬಿಂದುವನ್ನಲ್ಲ. ಸಮೀಕರಣ ಬಿಟ್ಟು ಮೇಲಿನ ಎರಡು ರೇಖೆಗಳನ್ನೇ ಹಾಕಿ. ಆದರೂ 5 ಮೆಗಾವಾಟ್ ಬರುವ ಹೊತ್ತಿನಲ್ಲಿ ಹೀರಲು ಸಿಗುವುದು 1.6 ಎಂವಿಎಆರ್ ಮಾತ್ರ. ಅಷ್ಟು ಸಾಲದಿದ್ದರೆ ಮಾಡೆಲ್‌ನಲ್ಲಿ ಶಂಟ್ ರಿಯಾಕ್ಟರ್ (ಕ್ಯೂ ಹೀರುವ ಸುರುಳಿ) ಬಿಟ್ಟುಹೋಗಿದೆಯೇ ನೋಡಿ.