ಭಾನುವಾರದ ಮೀಟರ್ ಏನು ಹೇಳುತ್ತದೆ?

ಓದುಗರ ಪತ್ರದ ಸಾರಾಂಶ: ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಬಿಡಿಭಾಗಗಳಿಗೆ ನಿಕ್ಕಲ್ ಮತ್ತು ಕ್ರೋಮಿಯಂ ಲೇಪನ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದು ಈ ವರ್ಷ ವಾಟರ್ ಆಡಿಟ್ (ಜಲ ಲೆಕ್ಕಪರಿಶೋಧನೆ) ವರದಿ ಕೇಳಿದೆ. ‘ಯಾರಿಂದಲಾದರೂ ಒಂದು ವರದಿ ಬರೆಸಿ ಕಳಿಸಿಬಿಡಿ’ ಎನ್ನುತ್ತಾರೆ ಮಾಲೀಕರು. ನಗರದ ಕೊಳವೆಗಳಲ್ಲೇ ಕಾಲು ಭಾಗ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತಿರುವಾಗ ನಮ್ಮಂಥವರ ನಲ್ಲಿಗಳನ್ನು ಎಣಿಸಿ ಏನು ಪ್ರಯೋಜನ? ನಾನಿರುವ ಅಪಾರ್ಟ್‌ಮೆಂಟಿನಲ್ಲೂ ಟ್ಯಾಂಕರ್ ಖರ್ಚಿನ ಬಗ್ಗೆ ಪ್ರತಿ ತಿಂಗಳು ಜಗಳ. ತಜ್ಞರನ್ನು ಕರೆಸುವಷ್ಟು ಹಣ ಎರಡೂ ಕಡೆ ಇಲ್ಲ. ಇದು ಬರೀ ಕಾಗದದ ಕೆಲಸವೇ?

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಸಿಟ್ಟಿಗೆ ಕಾರಣವಿದೆ. ಆದ್ದರಿಂದ ನಗರದ ಲೆಕ್ಕವನ್ನೇ ಮೊದಲು ನೋಡೋಣ.

ಕಾವೇರಿ ನೀರು ಯೋಜನೆಯ ಐದನೇ ಹಂತ ಬರುವ ಮೊದಲು ಬೆಂಗಳೂರಿಗೆ ಆ ನದಿಯಿಂದ ದಿನಕ್ಕೆ 1,450 ದಶಲಕ್ಷ ಲೀಟರ್ ನೀರು ಬರುತ್ತಿತ್ತು. ಅದರಲ್ಲಿ ಲೆಕ್ಕಕ್ಕೆ ಸಿಗದ ಪಾಲು ಹಿಂದೆ ಶೇ. 40 ದಾಟಿತ್ತು. ಈಗ ಇಳಿದಿದ್ದರೂ ಕಾಲು ಭಾಗಕ್ಕಿಂತ ಕಡಿಮೆಯಾಗಿಲ್ಲ. ಕಾಲು ಭಾಗವೆಂದೇ ಹಿಡಿದರೂ ಅದು ದಿನಕ್ಕೆ 360 ದಶಲಕ್ಷ ಲೀಟರ್ ಮೀರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಸಾವಿರಾರು ಕೋಟಿ ಸುರಿದು ಹೊಸದಾಗಿ ತಂದ ನೀರಿನ ಅರ್ಧದಷ್ಟನ್ನು ಹಳೆಯ ನೀರಿನಲ್ಲೇ ಕಳೆದುಕೊಳ್ಳುತ್ತಿದ್ದೆವು ಎಂದಾಯಿತು.

ಆ ನೀರು ಬರುವ ದಾರಿಯಾದರೂ ಸುಲಭದ್ದೇ? ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ಹಾರೋಹಳ್ಳಿಯಲ್ಲೂ ತಾತಗುಣಿಯಲ್ಲೂ ಮತ್ತೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ದಾಟಿಸಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಮೇಲಕ್ಕೆತ್ತಲು, ಪಂಪಿನ ನಷ್ಟವನ್ನೂ ಸೇರಿಸಿದರೆ, ಎರಡು ಯೂನಿಟ್‌ಗೆ ಹತ್ತಿರ ವಿದ್ಯುತ್ ಬೇಕು. ಪೋಲಾಗುವ ಪ್ರತಿ ಲೀಟರಿನ ಜೊತೆ ಈ ವಿದ್ಯುತ್ತೂ ಮಣ್ಣುಪಾಲು. ಮಂಡ್ಯದ ರೈತ ಇದನ್ನು ಪ್ರಶ್ನಿಸಿದರೆ ನಗರದವರಾದ ನಮ್ಮಲ್ಲಿ ಉತ್ತರವಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ 4.75 ಟಿಎಂಸಿ ಕೊಟ್ಟಿತು. ಕೇಳಿ ಪಡೆದ ನೀರಿಗೆ ಲೆಕ್ಕ ಕೊಡುವ ಹೊಣೆ ನಮ್ಮ ಮೇಲಿದೆ.

ಆದರೆ ‘ಲೆಕ್ಕಕ್ಕೆ ಸಿಗದ ನೀರು’ ಎಂದರೆ ಅಷ್ಟೂ ಸೋರಿಕೆಯಲ್ಲ. ನಿಂತುಹೋದ ಮೀಟರ್, ಮೀಟರ್ ತಪ್ಪಿಸಿ ಎಳೆದುಕೊಂಡ ಸಂಪರ್ಕ, ಬಿಲ್ಲೇ ಇಲ್ಲದ ಬಳಕೆ ಎಲ್ಲವೂ ಅದರೊಳಗಿವೆ. ಮೊದಲನೆಯದಕ್ಕೆ ಮೀಟರ್ ಬದಲಿಸಬೇಕು, ಕಳ್ಳ ಸಂಪರ್ಕಕ್ಕೆ ಧೈರ್ಯ ಬೇಕು, ನಿಜವಾದ ಸೋರಿಕೆಗೆ ನೆಲ ಅಗೆದು ಕೊಳವೆ ಬದಲಿಸಬೇಕು. ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದೇ ಜಲ ಲೆಕ್ಕಪರಿಶೋಧನೆಯ ಮೊದಲ ಕೆಲಸ. ಬಿಡಿಸದೆ ಬರೀ ಶೇಕಡಾವಾರು ಹೇಳುವವರು ಯಾರಿಗೂ ಹೊಣೆ ಹೊರಿಸುವುದಿಲ್ಲ, ತಾವೂ ಹೊರುವುದಿಲ್ಲ.

ಇದು ಬಡ ದೇಶಗಳ ಕೈಗೆಟುಕದ ಮಾತಲ್ಲ. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ಯುದ್ಧದಿಂದ ಜರ್ಜರಿತವಾಗಿದ್ದ ನಗರ. 1993ರಲ್ಲಿ ಅಲ್ಲಿನ ನೀರಿನಲ್ಲಿ ಶೇ. 72ರಷ್ಟಕ್ಕೆ ಹಣ ಬರುತ್ತಿರಲಿಲ್ಲ. ಎಕ್ ಸೊನ್ ಚಾನ್ ಎಂಬ ಎಂಜಿನಿಯರ್ ಜಲಮಂಡಳಿಯ ಮುಖ್ಯಸ್ಥರಾಗಿ ಪ್ರತಿ ಸಂಪರ್ಕಕ್ಕೂ ಮೀಟರ್ ಹಾಕಿಸಿದರು, ನಗರವನ್ನು ವಲಯಗಳಾಗಿ ವಿಂಗಡಿಸಿ ಒಳಹರಿವು ಅಳೆಸಿದರು, ಬಾಕಿ ಉಳಿಸಿಕೊಂಡ ಪ್ರಭಾವಿಗಳ ಸಂಪರ್ಕವನ್ನೂ ಕಡಿಸಿದರು. ಸೇನೆಯ ಹಿರಿಯ ಅಧಿಕಾರಿಯೊಬ್ಬರ ಮನೆಯಲ್ಲಿ ಅವರ ಹಣೆಗೆ ಬಂದೂಕು ಹಿಡಿಯಲಾಗಿತ್ತು. ಎರಡು ದಶಕದೊಳಗೆ ಆ 72 ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮಲ್ಲೂ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ಕೊಳವೆ ಬದಲಿಸಿ, ಮನೆಮನೆಗೆ ಮೀಟರ್ ಹಾಕಿ, ದಿನದ 24 ಗಂಟೆ ನೀರು ಕೊಟ್ಟು ತೋರಿಸಲಾಗಿದೆ. ಬೆಂಗಳೂರಿನ ಪ್ರತಿ ವಾರ್ಡಿಗೆ ಎಷ್ಟು ನೀರು ಬಂತು, ಎಷ್ಟಕ್ಕೆ ಬಿಲ್ಲಾಯಿತು ಎಂಬ ಎರಡು ಅಂಕಿಗಳನ್ನು ತಿಂಗಳು ತಿಂಗಳು ಪ್ರಕಟಿಸಬೇಕೆಂಬುದು ನನ್ನ ಒತ್ತಾಯ. ನೀವೂ ನಿಮ್ಮ ಶಾಸಕರಿಗೆ ಅದನ್ನೇ ಬರೆಯಿರಿ.

ಇಷ್ಟು ಹೇಳಿದ ಮೇಲೂ, ಊರು ಸೋರುತ್ತಿದೆ ಎಂಬುದು ನಿಮ್ಮ ಕಾರ್ಖಾನೆ ಸೋರಲು ಪರವಾನಗಿಯಲ್ಲ. ಅದರಲ್ಲೂ ಲೇಪನದ ಉದ್ಯಮಕ್ಕೆ ಖಂಡಿತ ಅಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವ ಕಥೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಬಳಕೆಯಾಗುವ ಪ್ರತಿ ಲೀಟರ್ ಶುದ್ಧ ನೀರು ವಿಷ ಹೊತ್ತ ಲೀಟರ್ ಆಗಿ ಹೊರಬೀಳುತ್ತದೆ.

ತಜ್ಞರನ್ನು ಸದ್ಯಕ್ಕೆ ಮರೆಯಿರಿ. ಶನಿವಾರ ಕೆಲಸ ಮುಗಿದ ಮೇಲೆ ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಮೀಟರ್ ಓದಿ ಬರೆದಿಡಿ. ಸೋಮವಾರ ಯಂತ್ರ ಶುರುವಾಗುವ ಮುನ್ನ ಎರಡನ್ನೂ ಅದೇ ಮಟ್ಟಕ್ಕೆ ತುಂಬಿಸಿ ಮತ್ತೆ ಓದಿ. ಕೆಲಸವೇ ನಡೆಯದ ಭಾನುವಾರದಲ್ಲಿ ಎಷ್ಟು ನೀರು ಹೋಯಿತೋ ಅದು ಬಹುಮಟ್ಟಿಗೆ ನಿಮ್ಮ ಸೋರಿಕೆ: ಸರಿಯಾಗಿ ಮುಚ್ಚದ ಬಾಲ್ ವಾಲ್ವ್, ಬಿರುಕು ಬಿಟ್ಟ ಸಂಪು, ನೆಲದಡಿಯ ಕೊಳವೆ, ಮಾಲು ತೊಳೆಯುವ ರಿನ್ಸ್ ಟ್ಯಾಂಕಿನಲ್ಲಿ ಯಾರೋ ತೆರೆದೇ ಬಿಟ್ಟುಹೋದ ನಲ್ಲಿ. ದೊಡ್ಡ ನಗರಗಳ ಎಂಜಿನಿಯರ್‌ಗಳೂ ಇದನ್ನೇ ಮಾಡುತ್ತಾರೆ. ಊರೆಲ್ಲ ಮಲಗಿರುವ ರಾತ್ರಿ ಎರಡರಿಂದ ನಾಲ್ಕರ ನಡುವೆ ವಲಯದ ಒಳಹರಿವನ್ನು ಅಳೆಯುತ್ತಾರೆ. ಬೋರ್‌ವೆಲ್‌ಗೂ ಒಂದು ಮೀಟರ್ ಹಾಕಿಸಿ; ಅದಿಲ್ಲದೆ ಯಾವ ಲೆಕ್ಕವೂ ಪೂರ್ತಿಯಾಗುವುದಿಲ್ಲ.

ಸೋರಿಕೆ ನಿಲ್ಲಿಸಿದ ಮೇಲೆ ನಿಜವಾದ ಉಳಿತಾಯ ಇರುವುದು ತೊಳೆಯುವ ವಿಧಾನದಲ್ಲಿ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸಣ್ಣ ಘಟಕಗಳು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಲೇಪನದ ತೊಟ್ಟಿಯಿಂದ ಮಾಲನ್ನು ಎತ್ತಿದಾಗ ಅದರ ಮೈಗಂಟಿ ಗಂಟೆಗೆ ಒಂದು ಲೀಟರ್ ರಾಸಾಯನಿಕ ದ್ರಾವಣ ಹೊರಬರುತ್ತದೆ ಎಂದುಕೊಳ್ಳಿ. ಅದನ್ನು ಸಾವಿರ ಪಟ್ಟು ತೆಳುಗೊಳಿಸಬೇಕಿದ್ದರೆ, ಒಂದೇ ರಿನ್ಸ್ ಟ್ಯಾಂಕಿನಲ್ಲಿ ಗಂಟೆಗೆ ಸುಮಾರು ಸಾವಿರ ಲೀಟರ್ ನೀರು ಹರಿಸಬೇಕು. ಎರಡು ಟ್ಯಾಂಕ್ ಜೋಡಿಸಿ, ಹೊಸ ನೀರನ್ನು ಕೊನೆಯ ಟ್ಯಾಂಕಿಗೆ ಬಿಟ್ಟು, ಅಲ್ಲಿಂದ ಮಾಲು ಬರುವ ದಿಕ್ಕಿಗೆ ಎದುರಾಗಿ ಮೊದಲ ಟ್ಯಾಂಕಿಗೆ ಹರಿಸಿದರೆ, ಲೆಕ್ಕದ ಪ್ರಕಾರ ಸುಮಾರು 32 ಲೀಟರ್ ಸಾಕು. ಮೂರು ಟ್ಯಾಂಕ್ ಇದ್ದರೆ 10 ಲೀಟರ್. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ, ಆದರೂ ಅಂತರ ಬೆರಗು ಹುಟ್ಟಿಸುವಷ್ಟಿದೆ. ಮಾಲನ್ನು ಕೆಲವು ಸೆಕೆಂಡು ಹೆಚ್ಚು ತೊಟ್ಟಿಯ ಮೇಲೇ ತೂಗಿಸಿ ಹನಿ ಬಸಿಯಲು ಬಿಟ್ಟರೆ ದುಬಾರಿ ನಿಕ್ಕಲ್ ತೊಟ್ಟಿಗೇ ಮರಳುತ್ತದೆ. ನೀರು ಅಗ್ಗ ಎನ್ನುವ ಮಾಲೀಕರಿಗೆ ನೀರಿನ ಬೆಲೆ ಹೇಳಬೇಡಿ. ಚರಂಡಿಗೆ ಹೋಗುವ ನಿಕ್ಕಲ್‌ನ ಬೆಲೆ ಮತ್ತು ಆ ನೀರನ್ನು ಶುದ್ಧೀಕರಿಸುವ ಖರ್ಚು ತೋರಿಸಿ.

ಕಾನೂನಿನ ಮಾತು: ದಿನಕ್ಕೆ ಒಂದು ಲಕ್ಷ ಲೀಟರ್‌ಗಿಂತ ಹೆಚ್ಚು ಅಂತರ್ಜಲ ಎತ್ತುವ ಉದ್ಯಮಗಳು ಪ್ರತಿ ವರ್ಷ ಲೆಕ್ಕಪರಿಶೋಧನೆ ಮಾಡಿಸಬೇಕು, ಮೂರು ವರ್ಷಗಳಲ್ಲಿ ಬಳಕೆಯನ್ನು ಕನಿಷ್ಠ ಶೇ. 20ರಷ್ಟು ಇಳಿಸಬೇಕು ಎಂದಿತ್ತು ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ. ನಿಮ್ಮಂಥ ಘಟಕ ಆ ಮಿತಿಯೊಳಗೆ ಬರುವುದು ಅನುಮಾನ. ಒಂದೊಂದಾಗಿ ಸಣ್ಣವಾದ ನೂರಾರು ಘಟಕಗಳು ಒಂದೇ ಬಡಾವಣೆಯ ನೆಲದಿಂದ ನೀರೆತ್ತುವಾಗ ಈ ಮಿತಿ ಯಾರನ್ನು ಕಾಯುತ್ತದೆ? ಕೈಗಾರಿಕಾ ಪ್ರದೇಶದ ಒಟ್ಟು ಬಳಕೆಗೇ ಲೆಕ್ಕ ಕೇಳುವ ನಿಯಮ ಬರಬೇಕು.

ಅಪಾರ್ಟ್‌ಮೆಂಟಿನ ಜಗಳಕ್ಕೆ ಮೂಲ, ನೀರಿನ ಖರ್ಚನ್ನು ಮನೆಗಿಷ್ಟು ಎಂದು ಸಮನಾಗಿ ಹಂಚುವುದು. ಉಳಿಸಿದವರೂ ಚೆಲ್ಲಿದವರೂ ಒಂದೇ ಹಣ ಕೊಡುವಲ್ಲಿ ಯಾರೂ ಉಳಿಸುವುದಿಲ್ಲ. ಮನೆಮನೆಗೆ ಮೀಟರ್ ಹಾಕುವುದೊಂದೇ ನ್ಯಾಯವಾದ ದಾರಿ. ಹಳೆಯ ಕಟ್ಟಡದಲ್ಲಿ ಅಡುಗೆಮನೆಗೊಂದು, ಬಚ್ಚಲಿಗೊಂದು ಪೈಪು ಇಳಿದಿರುವುದರಿಂದ ಖರ್ಚು ಹೆಚ್ಚು, ಒಪ್ಪುತ್ತೇನೆ. ಅಲ್ಲಿಯವರೆಗೆ ಫ್ಲಶ್ ಟ್ಯಾಂಕುಗಳನ್ನು ಪರೀಕ್ಷಿಸಿ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಬಣ್ಣ ಕೆಳಗೆ ಇಳಿದಿದ್ದರೆ ಹಗಲಿರುಳು ಸೋರುತ್ತಿದೆ ಎಂದರ್ಥ. 2024ರ ಮಾರ್ಚ್‌ನ ಬರದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ ಎಲ್ಲರೂ ಕಾರುಗಳತ್ತ ನೋಡಿದರು. ಕಣ್ಣಿಗೆ ಬೀಳದ ಈ ಸೋರಿಕೆಗೆ ಯಾರೂ ದಂಡ ಹಾಕಲಾರರು. ಇದನ್ನು ನೀವೇ ಹುಡುಕಬೇಕು.

ವರದಿಯ ವಿಷಯ. ಮಾಲೀಕರು ಹೊರಗಿನವರಿಂದ ಬರೆಸಿದರೆ, ಬಂದ ವರದಿಯಲ್ಲಿ ನಿಮ್ಮದೇ ಮೀಟರುಗಳ ಓದು ದಿನಾಂಕಸಹಿತ ಇದೆಯೇ, ಆವಿಯಾದದ್ದನ್ನೂ ಹೊರಹೋದದ್ದನ್ನೂ ಕೂಡಿಸಿದರೆ ಒಳಬಂದ ನೀರಿಗೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ಅಥವಾ ‘ಅಂದಾಜು’ ಎಂಬ ಪದವೇ ಪುಟದುದ್ದಕ್ಕೂ ಇದ್ದರೆ ಹಿಂದಿರುಗಿಸಿ, ಹಣ ಕೊಡಬೇಡಿ. ಮೂರು ತಿಂಗಳು ನೀವೇ ಬರೆದಿಟ್ಟ ಮೀಟರ್ ಪುಸ್ತಕ ಕೈಯಲ್ಲಿದ್ದರೆ ಹಾಗೆ ಹಿಂದಿರುಗಿಸುವ ಧೈರ್ಯ ಬರುತ್ತದೆ. ಆ ಪುಸ್ತಕದ ಒಂದು ಪ್ರತಿಯನ್ನು ರಿನ್ಸ್ ಟ್ಯಾಂಕಿನ ಬಳಿ ಕೆಲಸ ಮಾಡುವವರಿಗೂ ಕೊಡಿ. ನಲ್ಲಿ ಎಷ್ಟು ತಿರುಗಿಸಬೇಕೆಂದು ದಿನವೂ ನಿರ್ಧರಿಸುವವರು ಅವರೇ.

ಸಂಪಾದಕ